ಬೆಳಗ್ಗೆ ಮಾತ್ರ ಏಳದ ಕರ್ನಲ್: ಮನೆಯಲ್ಲಿ ಕಟ್ಟಿದ ಪುಟ್ಟ ಲಿನಕ್ಸ್‌ನ ದೋಷ ಹುಡುಕಿದ್ದು ಹೀಗೆ

ತಿಪಟೂರಿನ ನಮ್ಮ ಚಿಕ್ಕಪ್ಪನ ಕೊಬ್ಬರಿ ಮಂಡಿಯಲ್ಲಿ ಲೆಕ್ಕಕ್ಕೆ ಅಂತ ಇಟ್ಟಿದ್ದ ಹಳೇ ಕಂಪ್ಯೂಟರ್ ನಮ್ಮ ಮನೆಗೆ ಬಂತು. ಎಚ್61 ಚಿಪ್‌ಸೆಟ್‌ನ ಬೋರ್ಡ್, 2 ಜಿಬಿ ಮೆಮೊರಿ, 160 ಜಿಬಿ ಹಾರ್ಡ್‌ಡಿಸ್ಕ್. ಹೊಸ ವಿಂಡೋಸ್ ಇದರಲ್ಲಿ ತೆವಳುತ್ತದೆ. ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ನೋಟ್ಸ್ ಟೈಪ್ ಮಾಡಲು ಒಂದು ಯಂತ್ರ ಬೇಕಿತ್ತು. ಯಂತ್ರ ಗಟ್ಟಿಯಾಗಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಹಾಗಾಗಿ ಲಿನಕ್ಸ್ ಕರ್ನಲ್ (ಯಂತ್ರದ ಭಾಗಗಳನ್ನು ನಡೆಸುವ, ಸಿಸ್ಟಮ್‌ನ ತಿರುಳು) ಮತ್ತು ಬಿಝಿಬಾಕ್ಸ್ (ಅಗತ್ಯದ ಸಣ್ಣ ಕಮಾಂಡ್‌ಗಳ ಒಂದೇ ಕಟ್ಟು) ಇಟ್ಟುಕೊಂಡು, ಬೇಕಾದಷ್ಟೇ ಸೇರಿಸಿ, ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ನಾನೇ ಕಟ್ಟಿದೆ.

ಅದು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ದಿನ ಬೆಳಗ್ಗೆ ಏಳಲಿಲ್ಲ. ಸರಿ ಮಾಡಿದೆ. ಮಾರನೇ ದಿನ ಬೆಳಗ್ಗೆ ಮತ್ತೆ ಅದೇ. ಹನ್ನೊಂದು ದಿನ ಹೀಗೇ ನಡೆಯಿತು. ಕೊನೆಗೆ ಕಾರಣ ಸಿಕ್ಕಿದ್ದು ನಾನು ಬರೆದ ಒಂದು ಸಾಲಿನಲ್ಲೂ ಅಲ್ಲ. ಇದೇ ದಾರಿಯಲ್ಲಿ ಹೊರಟವರಿಗೆ ಆ ಹನ್ನೊಂದು ದಿನ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಮಾಂಡ್ ಮತ್ತು ಪರದೆಯ ಸಾಲುಗಳನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಕಟ್ಟಿದ್ದು ಹೇಗೆ

ಇದನ್ನು ಮೊದಲು ಹೇಳಲೇಬೇಕು, ಯಾಕಂದ್ರೆ ದೋಷದ ಅರ್ಧ ಭಾಗ ಇಲ್ಲೇ ಕೂತಿತ್ತು.

ಹಳೇ ಯಂತ್ರದಲ್ಲಿ ಕರ್ನಲ್ ಕಂಪೈಲ್ ಮಾಡುವುದು (ಮೂಲ ಕೋಡ್‌ನಿಂದ ಕಟ್ಟುವುದು) ಕಷ್ಟ. ಅದಕ್ಕೆ ಡೆಬಿಯನ್ ಅನ್ನೋ ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿದೆ. ಹಳೇ ಯಂತ್ರವನ್ನು ಡೆಬಿಯನ್ ಲೈವ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ, 'ಎಲ್‌ಎಸ್‌ಮಾಡ್' ಕೊಟ್ಟೆ. ಆ ಯಂತ್ರದಲ್ಲಿ ಯಾವ ಯಾವ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಂ) ಓಡುತ್ತಿದೆ ಅಂತ ಅದು ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಲ್ಯಾಪ್‌ಟಾಪ್‌ಗೆ ತಂದು, ಕರ್ನಲ್ ಫೋಲ್ಡರ್‌ನಲ್ಲಿ 'ಮೇಕ್ ಲೋಕಲ್‌ಯೆಸ್‌ಕಾನ್ಫಿಗ್'ಗೆ ಕೊಟ್ಟೆ. ಪಟ್ಟಿಯಲ್ಲಿ ಇರುವ ಡ್ರೈವರ್‌ಗಳು ಕರ್ನಲ್ ಒಳಗೇ ಸೇರುತ್ತವೆ. ಪಟ್ಟಿಯಲ್ಲಿ ಇಲ್ಲದ ಮಾಡ್ಯೂಲ್‌ಗಳು (ಬೇರೆ ಫೈಲಾಗಿ ಇರುವ ಡ್ರೈವರ್‌ಗಳು) ಹೊರಗೆ ಬೀಳುತ್ತವೆ. ಕಂಪೈಲ್ ಬೇಗ ಮುಗಿಯುತ್ತದೆ, ಇನಿಟ್‌ರ‍್ಯಾಮ್‌ಎಫ್‌ಎಸ್ (ಡಿಸ್ಕ್ ಸಿಗುವ ತನಕ ಡ್ರೈವರ್ ಹೊತ್ತಿರುವ ತಾತ್ಕಾಲಿಕ ಫೈಲ್ ಕಟ್ಟು) ಕೂಡ ಬೇಕಾಗಲ್ಲ. ಕರ್ನಲ್ ನೇರವಾಗಿ ಹಾರ್ಡ್‌ಡಿಸ್ಕ್‌ನ ಎರಡನೇ ಪಾರ್ಟಿಶನ್ (ವಿಭಾಗ) ಹತ್ತಿಸಿಕೊಂಡು ಕೆಲಸ ಶುರು ಮಾಡುತ್ತದೆ.

ಈ ವಿಧಾನ ನನಗೆ ಈಗಲೂ ಇಷ್ಟ. ಆದರೆ ಒಂದು ಮಾತು ನೆನಪಿಡಿ: ಆ ಪಟ್ಟಿ ತೆಗೆದ ಹೊತ್ತಿನಲ್ಲಿ ಯಂತ್ರ ಹೇಗಿತ್ತೋ, ಕರ್ನಲ್ ಹಾಗೆ ಮಾತ್ರ ಅದನ್ನು ಗುರುತಿಸುತ್ತದೆ. ಆಗ ಪ್ರಿಂಟರ್ ಚುಚ್ಚಿರದಿದ್ದರೆ ಪ್ರಿಂಟರ್ ಇಲ್ಲ. ಯಂತ್ರದ ಒಂದು ಸೆಟ್ಟಿಂಗ್ ಬದಲಾದರೂ ಅದಕ್ಕೆ ಯಂತ್ರದ ಗುರುತು ಸಿಗದೇ ಹೋಗಬಹುದು.

ಪರದೆಯ ಮೇಲೆ ಬಂದದ್ದು

ಕರ್ನಲನ್ನು ಎಬ್ಬಿಸುವ ಗ್ರಬ್ ಪ್ರೋಗ್ರಾಂನ ಮೆನು ಬರುತ್ತಿತ್ತು. ಎಂಟರ್ ಒತ್ತಿದರೆ ಕರ್ನಲ್ ಶುರುವಾಗುತ್ತಿತ್ತು. ಸರಸರ ಅಂತ ಸಾಲುಗಳು ಓಡಿ, ಕೊನೆಗೆ ಇಲ್ಲಿ ನಿಲ್ಲುತ್ತಿತ್ತು:

ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)

ಸ್ವಂತ ಕರ್ನಲ್ ಕಟ್ಟಿದವರಲ್ಲಿ ಈ ಸಾಲು ನೋಡದವರು ಕಡಿಮೆ. ಎಲ್ಲರ ಕಣ್ಣೂ 'ಪ್ಯಾನಿಕ್' ಅನ್ನೋ ಪದದ ಮೇಲೆ ಹೋಗುತ್ತದೆ. ನೋಡಬೇಕಾದದ್ದು ಕೊನೆಯ ಎರಡು ಅಂಕಿ.

(0,0) ಅಂದರೆ ನೀವು ಹೇಳಿದ ಡಿಸ್ಕ್ ಕರ್ನಲ್‌ಗೆ ಸಿಗಲೇ ಇಲ್ಲ. ಒಂದೋ ಡಿಸ್ಕ್ ಕಂಟ್ರೋಲರ್‌ನ (ಡಿಸ್ಕ್ ನಡೆಸುವ ಚಿಪ್‌ನ) ಡ್ರೈವರ್ ಇಲ್ಲ, ಇಲ್ಲವೇ ಸಿಸ್ಟಮ್ ಯಾವ ಪಾರ್ಟಿಶನ್‌ನಲ್ಲಿದೆ ಅಂತ ಕರ್ನಲ್‌ಗೆ ಹೇಳುವ 'ರೂಟ್=' ಎದುರು ಬರೆದ ಹೆಸರು ತಪ್ಪು. ಅದೇ ಜಾಗದಲ್ಲಿ (8,2) ಅಂತ ಇದ್ದರೆ ಕಥೆಯೇ ಬೇರೆ. 8 ಅನ್ನೋದು ಸಾಟಾ ಜೋಡಣೆಯ ಡಿಸ್ಕ್‌ಗಳಿಗೆ ಕರ್ನಲ್ ಕೊಟ್ಟಿರುವ ಸಂಖ್ಯೆ, 2 ಅಂದರೆ ಮೊದಲ ಡಿಸ್ಕ್‌ನ ಎರಡನೇ ಪಾರ್ಟಿಶನ್. ಡಿಸ್ಕ್ ಸಿಕ್ಕಿದೆ, ಅದರ ಮೇಲಿನ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಟ್ಟ ರೀತಿ) ಓದಲು ಬರುತ್ತಿಲ್ಲ ಅಂತ ಅರ್ಥ. ಆಗ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಬೆಂಬಲ ಕರ್ನಲ್‌ಗೆ ಸೇರಿಸಿದ್ದೀರಾ, ಪಾರ್ಟಿಶನ್ ಕೆಟ್ಟಿದೆಯಾ ಅಂತ ನೋಡಬೇಕು. ಈ ಎರಡು ಅಂಕಿ ಓದಿಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ.

ಪ್ಯಾನಿಕ್ ಸಾಲಿಗಿಂತ ಸ್ವಲ್ಪ ಮೇಲೆ ಇನ್ನೊಂದು ಸಾಲು ಇರುತ್ತದೆ. ಸರಿಯಾದ 'ರೂಟ್=' ಕೊಡಿ, ಸಿಕ್ಕಿರುವ ಪಾರ್ಟಿಶನ್‌ಗಳು ಇವು ಅಂತ ಹೇಳಿ, ಕೆಳಗೆ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಬೇರೆ ಹೆಸರಲ್ಲಿ ಇದ್ದರೆ ಹೆಸರು ತಿದ್ದಿದರೆ ಸಾಕು. ನನ್ನ ಪರದೆಯಲ್ಲಿ ಆ ಸಾಲಿನ ಕೆಳಗೆ ಏನೂ ಇರಲಿಲ್ಲ. ಖಾಲಿ. ಹೆಸರಿನ ತಪ್ಪಲ್ಲ, ಡ್ರೈವರ್‌ನದೇ ತೊಂದರೆ ಅಂತ ಅಲ್ಲಿಗೆ ಖಚಿತವಾಗಬೇಕಿತ್ತು.

ಸಾಲುಗಳು ಓಡಿಹೋಗುತ್ತವೆ, ಓದೋದು ಹೇಗೆ ಅಂತೀರಾ? ಪ್ಯಾನಿಕ್ ಆದ ಮೇಲೆ ಕೀಬೋರ್ಡ್ ಕೆಲಸ ಮಾಡಲ್ಲ, ಮೇಲಕ್ಕೆ ಸರಿಸಿ ನೋಡಲು ಆಗಲ್ಲ. ನಾನು ಮಾಡಿದ್ದು ಇಷ್ಟೇ. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ಹೆಚ್ಚು ಸಾಲು ಕಾಣಲಿ ಅಂತ ಲಿನಕ್ಸ್ ಸಾಲಿನಲ್ಲಿ 'ಕ್ವೈಟ್' ತೆಗೆದು 'ಲಾಗ್‌ಲೆವೆಲ್=7' ಹಾಕಿದೆ. ಮೊಬೈಲನ್ನು ಎರಡು ಪುಸ್ತಕದ ಮಧ್ಯೆ ನಿಲ್ಲಿಸಿ ಪರದೆಯ ವಿಡಿಯೋ ತೆಗೆದೆ. ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ ಓದಿದೆ. ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ಗ್ರಬ್‌ಗೆ ಕಾಣುವ ಡಿಸ್ಕ್ ಕರ್ನಲ್‌ಗೆ ಯಾಕೆ ಕಾಣಲ್ಲ

ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ ಇದು. ಕರ್ನಲ್ ಫೈಲ್ ಇರುವುದು ಅದೇ ಹಾರ್ಡ್‌ಡಿಸ್ಕ್‌ನಲ್ಲಿ. ಗ್ರಬ್ ಅದನ್ನು ಓದಿ ಮೆಮೊರಿಗೆ ತಂದಿದೆ. ಅಂದ ಮೇಲೆ ಡಿಸ್ಕ್ ಸರಿಯಾಗಿದೆ, ಕೇಬಲ್ ಸರಿಯಾಗಿದೆ. ಆದರೂ ಕರ್ನಲ್ 'ಡಿಸ್ಕ್ ಇಲ್ಲ' ಅನ್ನುತ್ತದೆ.

ಗ್ರಬ್ ಡಿಸ್ಕನ್ನು ತಾನೇ ಮುಟ್ಟುವುದಿಲ್ಲ. ಇಂಥ ಹಳೇ ಯಂತ್ರಗಳಲ್ಲಿ ಅದು ಬಯಾಸ್‌ನ (ಬೋರ್ಡ್‌ನಲ್ಲೇ ಇದ್ದು ಯಂತ್ರವನ್ನು ಮೊದಲು ಎಬ್ಬಿಸುವ ಪ್ರೋಗ್ರಾಂನ) ಕೈ ಹಿಡಿದು ನಡೆಯುತ್ತದೆ. 'ಈ ಜಾಗದಲ್ಲಿ ಇರೋದನ್ನು ಓದಿ ಕೊಡು' ಅಂದರೆ ಬಯಾಸ್ ಓದಿ ಕೊಡುತ್ತದೆ. ಕರ್ನಲ್ ಹಾಗಲ್ಲ. ಅದು ಎದ್ದ ಕೂಡಲೇ ಬಯಾಸ್‌ನ ಕೈ ಬಿಡುತ್ತದೆ, ಕಂಟ್ರೋಲರ್ ಜೊತೆ ತಾನೇ ಮಾತಾಡುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಒಳಗೇ ಇರಬೇಕು.

ಒಂದೇ ಸಾಟಾ ಕಂಟ್ರೋಲರ್ ಎರಡು ವೇಷ ಹಾಕಬಲ್ಲದು: ಹೊಸ ರೀತಿಯ ಎಎಚ್‌ಸಿಐ, ಹಳೇ ರೀತಿಯ ಐಡಿಇ. ಬಯಾಸ್‌ನಲ್ಲಿ ಸಾಟಾ ಮೋಡ್ ಅನ್ನೋ ಜಾಗದಲ್ಲಿ ಎಎಚ್‌ಸಿಐ ಅಂತ ಇಟ್ಟರೆ ಕರ್ನಲ್‌ಗೆ 'ಎಎಚ್‌ಸಿಐ' ಡ್ರೈವರ್ ಬೇಕು. ಐಡಿಇ ಅಂತ ಇಟ್ಟರೆ, ಇಂಟೆಲ್ ಚಿಪ್‌ಸೆಟ್ ಆದರೆ, 'ಎಟಿಎ-ಪಿಐಐಎಕ್ಸ್' ಡ್ರೈವರ್ ಬೇಕು. ಅದೇ ಡಿಸ್ಕ್, ಅದೇ ಕೇಬಲ್, ಡ್ರೈವರ್ ಮಾತ್ರ ಬೇರೆ. ನಾನು ಪಟ್ಟಿ ತೆಗೆದ ದಿನ ಬೋರ್ಡ್ ಎಎಚ್‌ಸಿಐನಲ್ಲಿತ್ತು. ಎರಡನೇ ಡ್ರೈವರ್ ಓಡುತ್ತಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಬರಲಿಲ್ಲ, ಕರ್ನಲ್‌ನಿಂದ ಹೊರಗೆ ಬಿತ್ತು.

ಆದರೆ ಬಯಾಸ್‌ನಲ್ಲಿ ನಾನು ಸಾಟಾ ಮೋಡ್ ಮುಟ್ಟಿರಲೇ ಇಲ್ಲ. ಅದು ತಾನಾಗಿ ಬದಲಾಗುತ್ತದೆ ಅಂತ ಯಾರು ಯೋಚಿಸುತ್ತಾರೆ?

ತಪ್ಪು ದಾರಿಯಲ್ಲಿ ಹನ್ನೊಂದು ದಿನ

ಪ್ರತಿ ಬೆಳಗ್ಗೆ ನಾನು ಮಾಡುತ್ತಿದ್ದ ಕೆಲಸ ಹೀಗಿತ್ತು. ಪ್ಯಾನಿಕ್ ನೋಡುವುದು. ಡೆಬಿಯನ್ ಪೆನ್‌ಡ್ರೈವ್ ಚುಚ್ಚುವುದು. ಅದರಿಂದ ಬೂಟ್ ಆಗಲಿ ಅಂತ ಬಯಾಸ್ ಒಳಗೆ ಹೋಗುವುದು. ಅಲ್ಲಿ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಕೊಟ್ಟು, ಪೆನ್‌ಡ್ರೈವನ್ನು ಮೊದಲಿಗೆ ಇಟ್ಟು, ಸೇವ್ ಮಾಡಿ ಹೊರಬರುವುದು. ಡೆಬಿಯನ್ ಏಳುತ್ತದೆ, ಹಾರ್ಡ್‌ಡಿಸ್ಕ್ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಏನೋ ಒಂದು ಬದಲಿಸಿ ಕಟ್ಟಿದ ಹೊಸ ಕರ್ನಲನ್ನು ಅದಕ್ಕೆ ಹಾಕುವುದು. ಪೆನ್‌ಡ್ರೈವ್ ಕಿತ್ತು ಮತ್ತೆ ಶುರು ಮಾಡಿದರೆ ಎದ್ದು ಕೂರುತ್ತಿತ್ತು. 'ಇವತ್ತಿನ ಬದಲಾವಣೆಯಿಂದ ಸರಿ ಹೋಯ್ತು' ಅಂತ ಬರೆದಿಟ್ಟುಕೊಳ್ಳುತ್ತಿದ್ದೆ. ದಿನವಿಡೀ ಎಷ್ಟು ಸಲ ರೀಬೂಟ್ ಮಾಡಿದರೂ ಏಳುತ್ತಿತ್ತು. ಮಾರನೇ ಬೆಳಗ್ಗೆ ಮತ್ತೆ ಬೀಳುತ್ತಿತ್ತು.

ಯಂತ್ರ ಸರಿಯಾಗುತ್ತಿದ್ದದ್ದು ಹೊಸ ಕರ್ನಲ್‌ನಿಂದ ಅಲ್ಲ. ದಾರಿಯಲ್ಲಿ ಬಯಾಸ್‌ಗೆ ಹೋಗಿ ಆ ಡಿಫಾಲ್ಟ್ಸ್ ಕೊಡುತ್ತಿದ್ದೆನಲ್ಲ, ಅದರಿಂದ. ನನ್ನ ಬೋರ್ಡ್‌ನಲ್ಲಿ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಅಂದರೆ ಎಎಚ್‌ಸಿಐ. ಬಯಾಸ್ ತನ್ನ ನೆನಪು ಕಳೆದುಕೊಂಡು ತಾನೇ ಹಾಕಿಕೊಳ್ಳುವ ಸೆಟ್ಟಿಂಗ್‌ನಲ್ಲಿ ಮಾತ್ರ ಐಡಿಇ. ರೋಗ ನೋಡಲು ಹೋಗುವ ದಾರಿಯಲ್ಲೇ ರೋಗವನ್ನು ಅಳಿಸಿ ಹಾಕುತ್ತಿದ್ದೆ.

ಒಂದು ಸುಳಿವು ಮುಂಚೆಯೇ ಸಿಕ್ಕಿತ್ತು. ಪೆನ್‌ಡ್ರೈವ್‌ನಿಂದ ಎದ್ದು, ಪಾರ್ಟಿಶನ್ ಮೌಂಟ್ ಮಾಡುವ (ಬಳಕೆಗೆ ತೆರೆಯುವ) ಮೊದಲು ಡಿಸ್ಕ್ ತಪಾಸಣೆಯ 'ಇ2ಎಫ್‌ಎಸ್‌ಸಿಕೆ' ಓಡಿಸುವುದು ನನ್ನ ಅಭ್ಯಾಸ. ಅದು ದಿನಾ ಒಂದು ಮಾತು ಹೇಳುತ್ತಿತ್ತು: ಈ ಡಿಸ್ಕನ್ನು ಕೊನೆಯ ಸಲ ಮೌಂಟ್ ಮಾಡಿದ ಹೊತ್ತು ಇನ್ನೂ ಮುಂದಿದೆ, ಬಹುಶಃ ಯಂತ್ರದ ಗಡಿಯಾರ ತಪ್ಪಿರಬೇಕು ಅಂತ. ಕಾರಣವನ್ನು ಅದು ಬಾಯಿಬಿಟ್ಟು ಹೇಳಿತ್ತು. ಡಿಸ್ಕ್ ಸರಿಯಿದೆಯಲ್ಲ ಅಂತ ನಾನು ದಾಟಿ ಹೋದೆ.

ಜನವರಿ 1

ಹಿಡಿದದ್ದು ಅಕ್ಕನ ಮಗಳು. ಒಂದು ಸಂಜೆ ತನ್ನ ನೋಟ್ಸ್ ಫೈಲ್ ಹುಡುಕುತ್ತಿದ್ದವಳು ಕರೆದಳು. "ಮಾಮ, ಇಲ್ಲಿ ನೋಡು. ನಿನ್ನೆ ಬರೆದಿದ್ದಕ್ಕೂ ಜನವರಿ 1 ಅಂತಿದೆ, ಇವತ್ತು ಬರೆದಿದ್ದಕ್ಕೂ ಜನವರಿ 1 ಅಂತಿದೆ. ಅದೂ 2012. ಆಗ ನಾನು ಎಲ್‌ಕೆಜಿ."

ಫೈಲ್‌ಗಳ ಪಟ್ಟಿ ನೋಡಿದೆ. ಹತ್ತು ದಿನದ ಎಲ್ಲ ಫೈಲೂ ಒಂದೇ ದಿನಾಂಕ. ಗಂಟೆ ಮಾತ್ರ ಬೇರೆ ಬೇರೆ. ಅಂದರೆ ಈ ಯಂತ್ರಕ್ಕೆ ಪ್ರತಿ ಬೆಳಗೂ 2012ರ ಜನವರಿ 1. ಮೊಬೈಲ್‌ನಲ್ಲಿದ್ದ ಹಳೇ ವಿಡಿಯೋ ತೆಗೆದು ನೋಡಿದರೆ, ಪ್ಯಾನಿಕ್‌ಗಿಂತ ಎಷ್ಟೋ ಸಾಲು ಮೇಲೆ 'ಆರ್‌ಟಿಸಿ-ಸಿಮಾಸ್: ಸೆಟ್ಟಿಂಗ್ ಸಿಸ್ಟಮ್ ಕ್ಲಾಕ್ ಟು 2012-01-01' ಅಂತ ಸ್ಪಷ್ಟವಾಗಿತ್ತು.

ಮದರ್‌ಬೋರ್ಡ್‌ನ ಗಡಿಯಾರ ಮತ್ತು ಬಯಾಸ್ ಸೆಟ್ಟಿಂಗ್ ಎರಡನ್ನೂ ಕರೆಂಟ್ ಇಲ್ಲದಾಗ ಕಾಯುವುದು ಒಂದೇ ಬಿಲ್ಲೆ ಬ್ಯಾಟರಿ. ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಗೋಡೆಯ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಎಸ್‌ಎಂಪಿಎಸ್ ಅನ್ನೋ ಪವರ್ ಡಬ್ಬಿಯಿಂದ ಬೋರ್ಡ್‌ಗೆ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ. ಆಗ ಬ್ಯಾಟರಿ ಸತ್ತಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಮಲಗುವ ಮುಂಚೆ ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಹೋಗುತ್ತಾರೆ. ಮಳೆ ಗುಡುಗಿನ ಕಾಲಕ್ಕೆ ಅದೇ ಸರಿಯಾದ ಅಭ್ಯಾಸ. ರಾತ್ರಿ ಕರೆಂಟ್ ಪೂರ್ತಿ ನಿಂತಾಗ ಬ್ಯಾಟರಿ ಒಂದೇ ಆಸರೆ. ಅದು ಸತ್ತಿತ್ತು. ಹಾಗಾಗಿ ಬೆಳಗ್ಗೆ ಮಾತ್ರ ಪ್ಯಾನಿಕ್.

ಕೆಲವು ಬೋರ್ಡ್‌ಗಳು ಇಂಥ ಹೊತ್ತಿನಲ್ಲಿ 'ಸಿಮಾಸ್ ಚೆಕ್‌ಸಮ್ ಎರರ್' (ಉಳಿಸಿದ ಸೆಟ್ಟಿಂಗ್ ಕೆಟ್ಟಿದೆ) ಅಂತ ಹೇಳಿ ನಿಲ್ಲುತ್ತವೆ. ನನ್ನದು ಏನೂ ಹೇಳದೆ ಮುಂದೆ ಹೋಗುತ್ತಿತ್ತು.

ಖಚಿತ ಮಾಡಿಕೊಂಡಿದ್ದು

ಕಾರಣ ಹೊಳೆದ ಕೂಡಲೇ ಬ್ಯಾಟರಿ ಬದಲಿಸಬೇಡಿ. ಮೊದಲು ದೋಷವನ್ನು ನಿಮ್ಮ ಇಷ್ಟದ ಹೊತ್ತಿಗೆ ಕರೆಸಿ ನೋಡಿ. ಇಲ್ಲದಿದ್ದರೆ ಮತ್ತೆ ನನ್ನ ಹಾಗೆ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಿಲ್ಲದೆ ಉಳಿಯುತ್ತೀರಿ.

ನಾನು ಎರಡು ಬಗೆಯಲ್ಲಿ ಮೂರು ಮೂರು ಸಲ ನೋಡಿದೆ. ಶಟ್‌ಡೌನ್ ಮಾಡಿ, ಸ್ವಿಚ್ ಆನ್ ಇಟ್ಟೇ ಹತ್ತು ನಿಮಿಷ ಬಿಟ್ಟೆ. ಮೂರು ಸಲವೂ ಎದ್ದಿತು. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟೆ. ಮೂರು ಸಲವೂ ಪ್ಯಾನಿಕ್. ಪ್ರತಿ ಪ್ಯಾನಿಕ್ ಆದ ಮೇಲೂ ಬಯಾಸ್‌ಗೆ ಹೋಗಿ ಮೊದಲಿನ ಸ್ಥಿತಿಗೆ ತಂದು ಮುಂದಿನ ಸುತ್ತು ಮಾಡಿದೆ.

ಆಮೇಲೆ ಮುಖ್ಯವಾದ ಹೆಜ್ಜೆ. ಪ್ಯಾನಿಕ್ ಆದ ಸ್ಥಿತಿಯಲ್ಲಿ ಬಯಾಸ್ ಸೆಟ್ಟಿಂಗ್ ಒಳಗೆ ಹೋಗದೆ, ಒಂದು ಸಲಕ್ಕೆ ಮಾತ್ರ ಬೂಟ್ ಡಿಸ್ಕ್ ಆರಿಸುವ ಮೆನುವಿನಿಂದ ಪೆನ್‌ಡ್ರೈವ್ ಎಬ್ಬಿಸಿದೆ. ಆ ಮೆನು ಬೋರ್ಡ್‌ಗೆ ತಕ್ಕಂತೆ ಎಫ್8, ಎಫ್11 ಅಥವಾ ಎಫ್12 ಒತ್ತಿದರೆ ಬರುತ್ತದೆ. ಹೀಗೆ ಮಾಡಿದರೆ ಸೆಟ್ಟಿಂಗ್ ಇದ್ದ ಹಾಗೇ ಇರುತ್ತದೆ. ಡೆಬಿಯನ್ ಎದ್ದ ಮೇಲೆ 'ಎಲ್‌ಎಸ್‌ಪಿಸಿಐ -ಕೆ' ಕೊಟ್ಟೆ. ಕಂಟ್ರೋಲರ್ ಸಾಲಿನಲ್ಲಿ 'ಐಡಿಇ ಇಂಟರ್‌ಫೇಸ್', ಅದರ ಕೆಳಗೆ ಓಡುತ್ತಿರುವ ಡ್ರೈವರ್ 'ಎಟಿಎ-ಪಿಐಐಎಕ್ಸ್'. ಸರಿಯಿದ್ದಾಗ ಅಲ್ಲಿ 'ಸಾಟಾ ಕಂಟ್ರೋಲರ್', 'ಎಎಚ್‌ಸಿಐ' ಅಂತ ಇರುತ್ತಿತ್ತು. ಡೆಬಿಯನ್ ಎರಡೂ ಡ್ರೈವರ್ ಹೊತ್ತು ತರುತ್ತದೆ, ಅದಕ್ಕೇ ಅದು ಯಾವತ್ತೂ ಬೀಳಲಿಲ್ಲ.

ಕೊನೆಗೆ ಪ್ಲಗ್ ತೆಗೆದು, ಕೇಸ್ ಬಿಚ್ಚಿ ಬ್ಯಾಟರಿ ತೆಗೆದೆ. ಮಂಡಿಯಲ್ಲಿ ವರ್ಷಗಟ್ಟಲೆ ಇದ್ದ ಯಂತ್ರ, ಬ್ಯಾಟರಿಯ ಗೂಡಿನ ಸುತ್ತ ಸಣ್ಣ ನಾರು, ಧೂಳು ಗಟ್ಟಿಯಾಗಿ ಕೂತಿತ್ತು. ಹಳೇ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ತೆಗೆದೆ. ಮಲ್ಟಿಮೀಟರ್ ಇಟ್ಟರೆ 1.4 ವೋಲ್ಟ್. ಹೊಸದು 3ಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಸರಿಪಡಿಸಿದ್ದು

ಬ್ಯಾಟರಿ ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಪ್ಲಸ್ ಗುರುತು ಮೇಲೆ ಬರುವ ಹಾಗೆ ಹಾಕಿ, ಬಯಾಸ್‌ನಲ್ಲಿ ದಿನಾಂಕ ತಿದ್ದಿ, ಸಾಟಾ ಮೋಡ್ ಎಎಚ್‌ಸಿಐ ಇದೆಯಾ ನೋಡಿ, ಸೇವ್ ಮಾಡಿದೆ. ಹಳೇ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಒಳಗೆ ಸುಟ್ಟು ಪ್ರಾಣಕ್ಕೇ ಅಪಾಯ. ಅದಕ್ಕೆ ಟೇಪ್ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಬ್ಯಾಟರಿ ಹಾಕಿದರೆ ಪ್ಯಾನಿಕ್ ನಿಲ್ಲುತ್ತದೆ ನಿಜ, ಆದರೆ ಅಷ್ಟಕ್ಕೇ ಬಿಡಬಾರದು. ಇನ್ನು ಕೆಲವು ವರ್ಷಕ್ಕೆ ಇದೂ ಮುಗಿಯುತ್ತದೆ. ಆಗ ಅಕ್ಕನ ಮಗಳ ಹತ್ತಿರ ನಾನು ಇರುತ್ತೇನೋ ಇಲ್ಲವೋ. ಹಾಗಾಗಿ ಕರ್ನಲ್ ಕೂಡ ಬದಲಿಸಿದೆ. 'ಮೇಕ್ ಮೆನುಕಾನ್ಫಿಗ್'ನಲ್ಲಿ ಡಿವೈಸ್ ಡ್ರೈವರ್ಸ್ ಒಳಗೆ ಸೀರಿಯಲ್ ಎಟಿಎ ಮತ್ತು ಪ್ಯಾರಲಲ್ ಎಟಿಎ ಅನ್ನೋ ಭಾಗ ಇದೆ. ಅಲ್ಲಿ ಎಎಚ್‌ಸಿಐ ಜೊತೆಗೆ ಇಂಟೆಲ್ ಪಿಐಐಎಕ್ಸ್ ಸಾಲನ್ನೂ ನಕ್ಷತ್ರ ಗುರುತಿಗೆ (ಅಂದರೆ ಕರ್ನಲ್ ಒಳಗೇ) ತಂದೆ. 'ಎಂ' (ಮಾಡ್ಯೂಲ್) ಅಂತ ಬಿಟ್ಟರೆ ಪ್ರಯೋಜನ ಇಲ್ಲ. ಮಾಡ್ಯೂಲ್ ಫೈಲ್ ಇರುವುದು ಡಿಸ್ಕ್‌ನಲ್ಲಿ, ಡಿಸ್ಕ್ ಓದಲು ಬೇಕಿರುವುದು ಅದೇ ಮಾಡ್ಯೂಲ್.

'ರೂಟ್=' ಎದುರು ಇದ್ದ ಎಸ್‌ಡಿಎ2 ಅನ್ನೋ ಹೆಸರು ತೆಗೆದು ಪಾರ್ಟ್‌ಯುಯುಐಡಿ (ಪಾರ್ಟಿಶನ್‌ನ ಖಾಯಂ ಗುರುತು) ಹಾಕಿದೆ. 'ಬಿಎಲ್‌ಕೆಐಡಿ' ಕೊಟ್ಟರೆ ಅದು ಸಿಗುತ್ತದೆ. ಪೆನ್‌ಡ್ರೈವ್ ಚುಚ್ಚಿದ್ದಾಗ ಡಿಸ್ಕ್‌ನ ಹೆಸರು ಅದಲು ಬದಲಾದರೂ ಇದು ತಪ್ಪುವುದಿಲ್ಲ. ಬರೀ ಯುಯುಐಡಿ (ಫೈಲ್ ಸಿಸ್ಟಮ್‌ನ ಗುರುತು) ಹಾಕಬೇಡಿ. ಇನಿಟ್‌ರ‍್ಯಾಮ್‌ಎಫ್‌ಎಸ್ ಇಲ್ಲದ ಕರ್ನಲ್‌ಗೆ ಅದು ಅರ್ಥವಾಗಲ್ಲ, ಮತ್ತೆ (0,0) ನೋಡುತ್ತೀರಿ. ಪೆನ್‌ಡ್ರೈವ್‌ನಿಂದಲೇ ಓಡುವ ಸಿಸ್ಟಮ್ ಆದರೆ 'ರೂಟ್‌ವೇಟ್' ಸೇರಿಸಿ. ಯುಎಸ್‌ಬಿ ಕಣ್ಣಿಗೆ ಬೀಳಲು ಒಂದೆರಡು ಸೆಕೆಂಡ್ ಬೇಕು, ಕರ್ನಲ್ ಅಷ್ಟು ಕಾಯಲ್ಲ.

ಆಮೇಲೆ ಬೇಕಂತಲೇ ಬಯಾಸ್‌ನಲ್ಲಿ ಐಡಿಇ ಇಟ್ಟು ಎಬ್ಬಿಸಿದೆ. ಎದ್ದಿತು. ಎಎಚ್‌ಸಿಐಗೆ ತಂದು ಎಬ್ಬಿಸಿದೆ. ಎದ್ದಿತು. ರಾತ್ರಿ ಅಮ್ಮ ಎಂದಿನ ಹಾಗೆ ಸ್ವಿಚ್ ಆಫ್ ಮಾಡಿದರು. ಬೆಳಗ್ಗೆ ಸರಿಯಾದ ದಿನಾಂಕದ ಜೊತೆ ಎದ್ದಿತು.

ನಿಮ್ಮ ಪರದೆಯಲ್ಲಿ ಬೇರೆ ಸಾಲು ಇದ್ದರೆ

'ನೋ ವರ್ಕಿಂಗ್ ಇನಿಟ್ ಫೌಂಡ್' ಬಂದರೆ ಡಿಸ್ಕ್ ಸಿಕ್ಕಿದೆ ಅಂತ ಸಮಾಧಾನ ಪಡಿ. ಇನಿಟ್ (ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಂ) ಫೈಲ್‌ಗೆ ಓಡುವ ಅನುಮತಿ ಇಲ್ಲದಿರಬಹುದು. ಸ್ಕ್ರಿಪ್ಟನ್ನು ವಿಂಡೋಸ್‌ನಲ್ಲಿ ಬರೆದು ಸಾಲಿನ ಕೊನೆಯ ಗುರುತು ಕೆಟ್ಟಿರಬಹುದು. ಬಿಝಿಬಾಕ್ಸನ್ನು ಸ್ಟ್ಯಾಟಿಕ್ ಆಗಿ (ಲೈಬ್ರರಿ ಒಳಗೇ ಸೇರಿಸಿ) ಕಟ್ಟದೆ, ಅದಕ್ಕೆ ಬೇಕಾದ ಲೈಬ್ರರಿ ಜೊತೆಯಲ್ಲಿ ಇಟ್ಟಿರದಿರಬಹುದು. ನನ್ನ ಸಲಹೆ, ಮೊದಲ ಸಲ ಸ್ಟ್ಯಾಟಿಕ್ ಆಗಿಯೇ ಕಟ್ಟಿ.

'ಅಟೆಂಪ್ಟೆಡ್ ಟು ಕಿಲ್ ಇನಿಟ್' ಬಂದರೆ ಪಕ್ಕದ ಎಕ್ಸಿಟ್‌ಕೋಡ್ ಓದಿ. 0x00000100 ಅಂದರೆ ಇನಿಟ್ 1 ಅಂತ ಹೇಳಿ ತಾನೇ ಮುಗಿದಿದೆ. ಸ್ಕ್ರಿಪ್ಟ್‌ನ ಕೊನೆಯಲ್ಲಿ 'ಎಕ್ಸೆಕ್' ಮರೆತಿದ್ದೀರಾ ನೋಡಿ. 0x00007f00 ಅಂದರೆ 127, ಕರೆದ ಕಮಾಂಡ್ ಅಥವಾ ಲೈಬ್ರರಿ ಸಿಕ್ಕಿಲ್ಲ. 0x0000000b ಅಂದರೆ 11, ಇನಿಟ್ ಕ್ರ್ಯಾಶ್ ಆಗಿದೆ.

ಕನ್ನಡದ ವಿಷಯ ಒಂದಿದೆ. ಬರೀ ಕಪ್ಪು ಕನ್ಸೋಲ್‌ನಲ್ಲಿ ಕನ್ನಡ ಬರಲ್ಲ ಅಂತ ಅದನ್ನು ದೋಷ ಅಂದುಕೊಂಡು ಹುಡುಕಬೇಡಿ. ಅಲ್ಲಿ ಒಂದು ಹೊತ್ತಿಗೆ ಹೆಚ್ಚೆಂದರೆ 512 ಅಕ್ಷರರೂಪ, ಒತ್ತು ಜೋಡಿಸುವ ವ್ಯವಸ್ಥೆಯೂ ಇಲ್ಲ. ಕನ್ನಡಕ್ಕೆ ಸಣ್ಣದಾದರೂ ಒಂದು ಗ್ರಾಫಿಕ್ ಪರದೆ ಬೇಕು. ಅಲ್ಲಿ ಅಕ್ಷರದ ಬದಲು ಡಬ್ಬಿ ಡಬ್ಬಿ ಕಂಡರೆ ಫಾಂಟ್ ಇಲ್ಲ. ಡೆಬಿಯನ್‌ನಲ್ಲಿ 'ಗುಬ್ಬಿ', 'ನವಿಲು' ಅನ್ನೋ ಕನ್ನಡ ಫಾಂಟ್‌ಗಳು ಸಿಗುತ್ತವೆ, ಅದನ್ನು ತಂದು ಹಾಕಿ. ಅಕ್ಷರ ಬಂದೂ ಒತ್ತು ಪಕ್ಕಕ್ಕೆ ಬಿದ್ದರೆ ತಪ್ಪು ಫಾಂಟ್‌ನದಲ್ಲ. ನೀವು ಆರಿಸಿದ ಎಡಿಟರ್‌ಗೆ ಒತ್ತಕ್ಷರ ಜೋಡಿಸಲು ಬರಲ್ಲ, ಅದನ್ನು ಜೋಡಿಸುವ ಹಾರ್ಫ್‌ಬಝ್ ಲೈಬ್ರರಿ ಬಳಸುವ ಎಡಿಟರ್ ಹಾಕಿ. ಪರೀಕ್ಷೆಗೆ ನಾನು 'ಕೊಬ್ಬರಿ' ಅಂತ ಟೈಪ್ ಮಾಡುತ್ತೇನೆ. ಬ ಕೆಳಗೆ ಒತ್ತು ಸರಿಯಾಗಿ ಕೂತರೆ ನೋಟ್ಸ್ ಬರೆಯಲು ಶುರು ಮಾಡಬಹುದು.